ಕಟ್ಟಿದವರು

ಡಿಸೆಂಬರಿನ ಕಡೆಯ ಕೆಲಸದ ದಿನ. ನಾಲ್ಕಕ್ಕೆ ಇನ್ನು ಹತ್ತು ನಿಮಿಷ.
ಈರಿ ಸರೋವರದ ಗಾಳಿ ಕೌಂಟಿ ಕಚೇರಿಯ
ತಿರುಗುಬಾಗಿಲನ್ನು ತಾನೇ ತಿರುಗಿಸುತ್ತದೆ,
ಒಳಗೆ ಬರುವುದು ಬರೀ ಹಿಮದ ಹುಡಿ.
ಮೂರನೆಯ ಕಿಟಕಿ ನನ್ನದು:
ಮನೆತೆರಿಗೆ ವಿನಾಯಿತಿ, ಅರ್ಜಿ ಸ್ವೀಕಾರ.
ಇಂದು ತಪ್ಪಿದರೆ ಮುಂದಿನ ವರ್ಷ.

ವರ್ನೀಸ್ ಪ್ಯಾಟಿಲೋ ಬಂದದ್ದು ಆಗ.
ಶಾಲಾ ಬಸ್ಸಿನ ಚಾಲಕಿ, ಹಳದಿ ಜಾಕೆಟ್ಟು,
ಬೂಟಿನಿಂದ ಸಣ್ಣಗೆ ನೀರು.
ಬಿಸ್ಕತ್ತಿನ ಡಬ್ಬಿಯೊಂದನ್ನು ನನ್ನೆದುರಿಟ್ಟು
ಉಗುರಲ್ಲಿ ಮುಚ್ಚಳ ಎಬ್ಬಿದಳು: ರಸೀದಿಗಳು.
ಮೂವತ್ತೊಂದು ವರ್ಷ, ವರ್ಷಕ್ಕೆರಡು ಕಂತು.
ರಬ್ಬರ್ ಬ್ಯಾಂಡು ಒಣಗಿ ಕಾಗದಕ್ಕೇ ಅಂಟಿ
ಕಂದು ಗೆರೆಯಾಗಿತ್ತು.

ಎಲ್ಲದರ ಮೇಲೂ ಒಂದೇ ಹೆಸರು. ಒಡೆಸ್ಸಾ ಗೇದರ್ಸ್.
"ಇವರು?"
"ದೊಡ್ಡಮ್ಮ."
"ಅವರೇ ಬಂದು ಸಹಿ ಹಾಕಬೇಕಿತ್ತು."
"ಬರುವ ಹಾಗಿಲ್ಲ. ತೊಂಬತ್ತನಾಲ್ಕರಿಂದ
ರೈಲುಹಳಿಯಾಚೆ, ಬೇಲಿ ಪಕ್ಕದ ಸಾಲಲ್ಲಿ ಮಲಗಿದ್ದಾಳೆ."

ನಿಯಮ ನನಗೆ ಬಾಯಿಪಾಠ.
ಅರ್ಜಿದಾರರು ಮನೆಯ ಒಡೆಯರಾಗಿರಬೇಕು,
ಅದೇ ಮನೆಯಲ್ಲಿ ಇರಬೇಕು.
ಇಲ್ಲಿ ನೋಡಿದರೆ
ಇರುವವಳಿಗೆ ಮನೆಯಿಲ್ಲ,
ಮನೆಯಿರುವವಳು ಇಲ್ಲ.

ಹೇಳಿದೆ: ಮರಣಪತ್ರ, ವಾರಸುಪತ್ರ,
ಎರಡನೆಯ ಮಹಡಿಯ ನ್ಯಾಯಾಲಯ, ಅದರ ಶುಲ್ಕ,
ದೊಡ್ಡಮ್ಮನ ಮಕ್ಕಳಿದ್ದರೆ ಅವರೆಲ್ಲರ ಒಪ್ಪಿಗೆ.
"ಒಬ್ಬ ಇದ್ದ. ಟಸ್ಕಲೂಸಾದಲ್ಲಿ. ಈಗ ಇದ್ದಾನೋ ಏನೋ."

ಅವಳು ಸಿಟ್ಟಾಗಿದ್ದರೆ ಸುಲಭವಿತ್ತು,
ಸಿಟ್ಟಿಗೆ ನಮ್ಮಲ್ಲಿ ಬೇರೆ ಕಿಟಕಿಯಿದೆ.
ತುಸು ಬಾಗಿ, ಗಾಜಿನ ತೂತಿಗೆ ಬಾಯಿ ತಂದು
ನಿಜಕ್ಕೂ ತಿಳಿಯಬೇಕೆಂಬಂತೆ ಕೇಳಿದಳು:
"ಕಟ್ಟುವಾಗ ಯಾರೂ ಕೇಳಲಿಲ್ಲವಲ್ಲ, ನೀನ್ಯಾರು ಅಂತ?"

ಬೀದಿಯಲ್ಲಿ ಏಳು ಮನೆ ಯಾವುದೋ ಕಂಪನಿ ಕೊಂಡಿತಂತೆ.
ಏಳಕ್ಕೂ ಒಂದೇ ಬೂದಿಬಣ್ಣ, ಒಂದೇ ಕಪ್ಪು ಬೀಗ.
ಅವಳ ಮನೆ ಇದ್ದಲ್ಲೇ ಇತ್ತು, ಅದೇ ಸೋರುವ ಮೂಲೆ;
ಬೆಲೆ ಮಾತ್ರ ಎದ್ದು ಓಡಿತು,
ಹಿಂದೆಯೇ ತೆರಿಗೆ.
"ನಸುಕಿನ ನಾಲ್ಕೂವರೆಗೆ ಬಂದು ನೋಡಿ.
ಆ ಸಾಲಿನಲ್ಲಿ ಹತ್ತುವ ದೀಪ ಒಂದೇ.
ನಾನು ಇರುವುದಕ್ಕೆ ಇನ್ನೇನು ಕೊಡಲಿ?"

ಪೆಟ್ಟಿಗೆಯಂಥ ಒಂದು ಚೌಕವಿದೆ ಅರ್ಜಿಯಲ್ಲಿ, ಪುರಾವೆಗೆ.
ಅದರೊಳಗೆ ದೀಪ ಹಿಡಿಸುವುದಿಲ್ಲ.

ರಸೀದಿ ಮಗುಚುತ್ತಾ ಹೋದೆ, ಏನೋ ಹುಡುಕುವವನಂತೆ.
ಎರಡು ಸಾವಿರದ ಎಂಟು, ಜುಲೈ ಕಂತು.
ಅಡಿಯಲ್ಲಿ ಓರೆಯಾದ ಸಹಿ.
ನನ್ನದೇ.
ಆಗ ಹಣ ತಗೊಳ್ಳುವ ಒಂದನೆಯ ಕಿಟಕಿಯಲ್ಲಿದ್ದೆ.
ಇಪ್ಪತ್ತೆರಡು ಸಲ ಈಕೆ ನನ್ನೆದುರು ನಿಂತು ನೋಟು ಎಣಿಸಿದ್ದಾಳೆ,
ಇಪ್ಪತ್ತೆರಡು ಸಲ ನಾನು ಬರೆದಿದ್ದೇನೆ
ಸತ್ತವಳಿಂದ ಸಂದಾಯವಾಯಿತೆಂದು.
ಮುಖ ನೆನಪಿಲ್ಲ. ಬಹುಶಃ ತಲೆಯೆತ್ತಿರಲಿಲ್ಲ.

ಯಾರೋ ಒಮ್ಮೆ ಇಟ್ಟಿಗೆಯಲ್ಲಿ ಕಟ್ಟಿದ ಮನೆಯನ್ನು
ಕಂತಿನ ಮೇಲೆ ಕಂತಿಟ್ಟು ಇನ್ನೊಮ್ಮೆ ಕಟ್ಟಿದ್ದಾಳೆ,
ಬಾಗಿಲಿಗೆ ಮಾತ್ರ ಅವಳ ಹೆಸರು ಏರಿಲ್ಲ.

ಮೂರು ಐವತ್ತೆಂಟು.
ಠಸ್ಸೆ ಎತ್ತಿ ಒತ್ತಿದೆ: ಸ್ವೀಕರಿಸಲಾಗಿದೆ.
"ಇದು ಕೊಟ್ಟದ್ದಲ್ಲ, ತಗೊಂಡದ್ದು ಅಷ್ಟೇ," ಎಂದೆ.
"ಗೊತ್ತು," ಎಂದಳು. "ನೀವು ತಗೊಳ್ಳುವುದು ನನಗೆ ರೂಢಿ."
ನಕ್ಕಳೋ ಇಲ್ಲವೋ, ಗಾಜಿನ ಮೇಲೆ ಆವಿಯಿತ್ತು.

ಡಬ್ಬಿಗೆ ಇನ್ನೊಂದು ಕಾಗದ ಸೇರಿತು.
ಜೇಬಿಗೆ ಕೈಹಾಕಿದಾಗ ಬಿತ್ತೊಂದು ಕೆಂಪು ಕೈಗವಸು,
ಅಂಗೈಯಷ್ಟೂ ಇಲ್ಲ.
ಬಗ್ಗಿ ಎತ್ತಿ ಕೊಡವಿದಳು.
"ಆರನೆಯ ಸ್ಟಾಪಿನ ಹುಡುಗನದು," ಎಂದು
ನಾನು ಕೇಳದೆಯೇ ಹೇಳಿ ಹೋದಳು.

ಪರದೆ ಇಳಿಸಿ ಅರ್ಜಿ ಬಿಡಿಸಿ ಕೂತೆ.
ಅರ್ಜಿದಾರರು ಈ ಮನೆಯಲ್ಲಿ ಇದ್ದಾರೆಯೇ?
ಇದ್ದಾರೆ.
ಒಡೆಯರೇ?
ಪೆನ್ನು ಅಲ್ಲೇ ನಿಂತಿತು; ನಿಂತಷ್ಟು ಹೊತ್ತೂ
ಚೌಕದೊಳಗೆ ಮಸಿ ಹರಡುತ್ತಿತ್ತು.